ಗವಿಲಿಂಗಕ್ಕೆ ಹೊರಟ ಬ್ಯಾಟರಿ

ನಮ್ಮ ಅಜ್ಜಿ ಶಿವಗಂಗಮ್ಮ ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಗವಿಲಿಂಗಕ್ಕೆ ದೀಪ ಹಚ್ಚಿ ಬರುತ್ತಿದ್ದಳು. ಗವಿ ಇರುವುದು ನಮ್ಮ ಕಾಫಿ ತೋಟದ ಮೇಲಂಚಿನಲ್ಲಿ, ಒಂದು ದೊಡ್ಡ ಬಂಡೆಯ ಬುಡದಲ್ಲಿ. ಒಳದಾರಿ ಬಹಳ ತಗ್ಗು. ನಮ್ಮ ಸೀಮೆಯಲ್ಲಿ ಎಸ್ಟೇಟಿನ ದೊರೆಗಳನ್ನೂ ಬಗ್ಗಿಸಬಲ್ಲ ಜಾಗ ಅದೊಂದೇ ಎಂದು ನಾನು ಹೇಳಿದರೆ ಅಜ್ಜಿ ನಗುತ್ತಿದ್ದಳು. ಅವಳಿಗೆ ಅವಳ ಅತ್ತೆ ಕಲಿಸಿದ ಕ್ರಮ ಇಷ್ಟೆ: ಬಗ್ಗಿ ಹೋಗು, ಬಗ್ಗಿ ಹಚ್ಚು, ಬಗ್ಗಿಯೇ ಬಾ, ತಲೆ ಎತ್ತಿದರೆ ಬಂಡೆ ತಾಗುತ್ತದೆ. ಆ ಅತ್ತೆಗೆ ಅವಳ ಅತ್ತೆ ಹೇಳಿದ್ದೂ ಅದನ್ನೇ. ಹೀಗೆ ನಮ್ಮ ಮನೆಯ ಸೊಸೆಯರು ಎಷ್ಟು ತಲೆಮಾರಿನಿಂದ ಅಲ್ಲಿ ಬಗ್ಗಿದ್ದರೋ ಲೆಕ್ಕವಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ, ಗವಿಯ ನಡುದಾರಿಯಲ್ಲಿ ಮೇಲಿಂದ ಹನಿ ಬಿದ್ದು ಅಜ್ಜಿಯ ಕೈಲಿದ್ದ ಹಣತೆ ನಂದಿತು. ಬೆಂಕಿಪೊಟ್ಟಣ ತೆಗೆಯಹೋದವಳು ಜಾರಿ ಬಿದ್ದಳು, ಪೊಟ್ಟಣವೂ ನೀರುಪಾಲಾಯಿತು. ಕತ್ತಲಲ್ಲಿ ಗೋಡೆ ತಡವುತ್ತ ಅವಳು ಹೊರಗೆ ಬಂದಾಗ ಮೊಣಕೈ ತರಚಿ, ಸೀರೆಯೆಲ್ಲ ಕೆಸರಾಗಿತ್ತು.

ತೋಟ ನೋಡಿಕೊಳ್ಳುತ್ತಿದ್ದವರು ನನ್ನ ಚಿಕ್ಕಪ್ಪ ಓಂಕಾರಪ್ಪ. ಕಣದಲ್ಲಿ ಕಾಫಿ ಹಣ್ಣು ಹರಡಿಸುತ್ತಿದ್ದ ಅವರು ಅಜ್ಜಿಯ ಅವತಾರ ನೋಡಿ ಅಲ್ಲೇ ತೀರ್ಪು ಕೊಟ್ಟರು.

"ಸಾಕವ್ವ. ಇನ್ಮೇಲೆ ಮಠದಿಂದ ಯಾರನ್ನಾದ್ರೂ ಕರ್ಸಿ ಹಚ್ಚಿಸ್ತೀನಿ. ನೀನು ಮನೇಲೇ ಕೂತು ಕೈಮುಗಿ."

"ನನ್ನ ಕಾಲು ಕೆಟ್ಟಿಲ್ಲ ಕಣೋ," ಎಂದಳು ಅಜ್ಜಿ. "ದೀಪ ಹೋಯ್ತು, ಕಾಣ್ದೆ ಬಿದ್ದೆ. ಹನಿ ಬಿದ್ರೂ ಹೋಗ್ದಿರೋ ದೀಪ ಕೊಡು, ಆಮೇಲೆ ಮಾತಾಡು."

"ಲಾಟೀನು ತಗೊಂಡು ಹೋಗು ಅಂದ್ರೆ ದೇವರ ಮುಂದೆ ಸೀಮೆಎಣ್ಣೆ ಆಗಲ್ಲ ಅಂತೀಯ. ಇನ್ಯಾವ ದೀಪ ಇದೆ?"

"ಆಲ್ದೂರಲ್ಲಿದೆ," ಎಂದೆ ನಾನು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಮನೆಯಲ್ಲಿ ಕೂತಿದ್ದ ನನ್ನ ಮಾತಿಗೆ ಆ ಕಣದಲ್ಲಿ ಜೊಳ್ಳು ಕಾಫಿಗಿದ್ದಷ್ಟೇ ಬೆಲೆ. ಆದರೂ ಬಿಡಲಿಲ್ಲ. "ಬ್ಯಾಟರಿ. ಎಣ್ಣೆ ಇಲ್ಲ, ಬತ್ತಿ ಇಲ್ಲ. ಹನಿ ಅಲ್ಲ, ಹೊಳೆ ಬಿದ್ರೂ ಹೆದರಲ್ಲ."

ಚಿಕ್ಕಪ್ಪ ನನ್ನನ್ನೂ ಅಜ್ಜಿಯನ್ನೂ ನೋಡಿದರು. "ಸರಿ. ಬರೋ ಸೋಮವಾರ ಒಂದೇ ಸಲ. ಯಾರ ಕೈನೂ ಹಿಡೀದೆ ಹೋಗಿ ಬಂದ್ರೆ ನಾನಿನ್ನು ಆ ಮಾತೆತ್ತಲ್ಲ. ಆಗ್ದಿದ್ರೆ ನೀನು ನನ್ನ ಮಾತು ಕೇಳ್ಬೇಕು."

ಅಜ್ಜಿ ಒಪ್ಪಿದಳು. ಒಪ್ಪಿದವಳು ಆಮೇಲೆ ಸೆರಗಿನ ಕೆಸರನ್ನು ಉಗುರಿನಿಂದ ಕೆರೆಯುತ್ತ ಬಹಳ ಹೊತ್ತು ಕೂತಿದ್ದಳು. ಗವಿ ತಪ್ಪಿದರೆ ಅವಳ ವಾರದಲ್ಲಿ ಸೋಮವಾರವೇ ಇರುವುದಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಶುಕ್ರವಾರ ಗಾಡಿ ಕಟ್ಟಿಸಿಕೊಂಡು ಆಲ್ದೂರಿಗೆ ಹೋದೆವು. ದಾರಿಯುದ್ದಕ್ಕೂ ಅಜ್ಜಿಗೆ ಅಂಗಡಿ ಸೋಮಶೇಖರಪ್ಪನವರ ದನಿ ಮಾಡಿ ತೋರಿಸಿದೆ. ಮೂಗಿನಲ್ಲಿ ಶುರುವಾಗಿ ಮೂಗಿನಲ್ಲೇ ಮುಗಿಯುವ ದನಿ ಅದು. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಅವರು, ನಾನು ಹೇಳಿಕೊಟ್ಟ ಹಾಗೆಯೇ, "ಬರ್ಬೇಕು ಬರ್ಬೇಕು ಅಮ್ಮಾವ್ರೆ, ಏನ್ ಅಪರೂಪ" ಎಂದು ಎಳೆದರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಳು.

ಸೋಮಶೇಖರಪ್ಪ ಮೂರು ಬ್ಯಾಟರಿ ತೆಗೆದು ಚಾಪೆಯ ಮೇಲಿಟ್ಟರು. ಮೊದಲು ಮೊಳದುದ್ದದ್ದನ್ನು ಎತ್ತಿಕೊಂಡರು.

"ಮಲ್ಲಂದೂರು ಕಡೆ ದೊರೆ ಇಂಥದ್ದೇ ಒಯ್ದಿದ್ದು. ಈ ಗುಡ್ಡದಲ್ಲಿ ಹಿಡಿದ್ರೆ ಆ ಗುಡ್ಡದ ಕಡವೆ ಕಣ್ಣು ಕಾಣುತ್ತೆ. ಬುರುಡೆ ಕೂಡ ವಿಲಾಯಿತಿದು."

"ಬುರುಡೆ ಇಲ್ಲೀದೇ ಇರ್ಬೇಕು," ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

ನನಗೂ ಒಳಗೊಳಗೆ ಅದೇ ಬೇಕಿತ್ತು. ಅಜ್ಜಿ ಅದನ್ನು ಎರಡು ಕೈಯಲ್ಲಿ ಎತ್ತಿ ತೂಗಿ ಕೆಳಗಿಟ್ಟಳು.

"ಆ ಗುಡ್ಡದ ಕಡವೆ ಕಟ್ಕೊಂಡು ನಂಗೇನಾಗ್ಬೇಕು ಮಾರಾಯ. ನನ್ನ ಕಾಲು ಕಂಡ್ರೆ ಸಾಕು. ಒಂದು ಚೊಂಬು ನೀರು ಕೊಡಿ."

ಕುಡಿಯಲೆಂದು ತಂದ ನೀರಿನಲ್ಲಿ ಅವಳು ಕೈ ಅದ್ದಿದಳು. ಗವಿಯಲ್ಲಿ ಕೈ ಎಂದಾದರೂ ಒಣಗಿರುತ್ತದೆಯೇ? ಒದ್ದೆ ಕೈಯಲ್ಲಿ ಉಳಿದೆರಡನ್ನೂ ಹಿಡಿದು ನೋಡಿದಳು. ಒಂದಕ್ಕೆ ಮೈಮೇಲೆ ಗೀರು ಗೀರಾಗಿತ್ತು, ಜಾರಲಿಲ್ಲ; ಆದರೆ ಅದರ ಗುಂಡಿಯನ್ನು ಒತ್ತಿಕೊಂಡೇ ಇರಬೇಕಿತ್ತು. ಅವಳ ಹೆಬ್ಬೆರಳಿಗೆ ಅಷ್ಟು ಕಸುವಿರಲಿಲ್ಲ. ಇನ್ನೊಂದಕ್ಕೆ ಗುಂಡಿಯನ್ನು ಮುಂದೆ ದೂಡಿಬಿಟ್ಟರೆ ಆಯಿತು, ಹಿಂದಕ್ಕೆ ದೂಡುವವರೆಗೂ ಉರಿಯುತ್ತದೆ. ಸೋಮಶೇಖರಪ್ಪ ಅಂಗಡಿಯ ಅರ್ಧ ಬಾಗಿಲು ಮುಚ್ಚಿದರು. ಅಜ್ಜಿ ಗುಂಡಿ ದೂಡಿದಳು.

ಮೂಟೆಗಳ ಮೇಲೆ ಬೆಳ್ಳನೆಯ ಬೆಳಕು ಕೂತಿತು. ಅವಳು ಮೂಟೆ ನೋಡಲಿಲ್ಲ. ಗಾಜಿನ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ಬೆರಳುಗಳ ಅಂಚೆಲ್ಲ ಕೆಂಡದ ಹಾಗೆ ಕೆಂಪಾಯಿತು.

"ನೋಡೋ," ಎಂದಳು ನನಗೆ ಮಾತ್ರ ಕೇಳುವಂತೆ. "ಒಳಗೆ ಇನ್ನೂ ಉರೀತಾ ಇದೆ."

ದೂಡುವ ಗುಂಡಿಯದನ್ನೇ ತಂದೆವು. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಅದನ್ನು ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟು ಗುಂಡಿ ದೂಡಿ ಕೈಮುಗಿದಳು. ಚಿಕ್ಕಪ್ಪನ ಕೈಗಳೂ ತಾವಾಗಿ ಸೇರಿದವು. ಊಟವಾಯಿತು. ಬ್ಯಾಟರಿ ಉರಿಯುತ್ತಲೇ ಇತ್ತು. ನಮ್ಮ ಮನೆಗಳಲ್ಲಿ ಮುಸ್ಸಂಜೆ ದೇವರ ಮುಂದೆ ಹಚ್ಚಿದ ದೀಪವನ್ನು ಯಾರೂ ಕೈಯಾರೆ ಆರಿಸುವುದಿಲ್ಲ. ಎಣ್ಣೆ ತೀರಿದಾಗ ಅದೇ ಶಾಂತವಾಗಬೇಕು. ಸೆಲ್ಲು ಖರ್ಚಾಗುತ್ತದೆಂದು ನನಗೆ ಗೊತ್ತಿತ್ತು. ಗೂಡಿನ ತನಕ ಹೋದೆ. ಕಾಲೇಜು ನೋಡಿದ ಕೈಯೂ ಮೇಲೇಳಲಿಲ್ಲ. ಹೋಗಿ ಮಲಗಿದೆ.

ಬೆಳಿಗ್ಗೆ ಗೂಡಿನಲ್ಲಿ ಮಿಣುಕುಹುಳದಷ್ಟೂ ಬೆಳಕಿರಲಿಲ್ಲ.

"ಹೊಳೆಗೂ ಹೆದರ್ದಿರೋ ಬೆಳಕು ರಾತ್ರಿ ದಾಟ್ಲಿಲ್ವಾ," ಎಂದರು ಚಿಕ್ಕಪ್ಪ ಹಲ್ಲುಜ್ಜುತ್ತ.

ನಾನು ಅಜ್ಜಿಯ ಹತ್ತಿರ ಕೂತು, ಬೇರೆ ಸೆಲ್ಲು ಹಾಕಿದರೆ ಸರಿಯಾಗುತ್ತದೆ, ಆದರೆ ಕೆಲಸವಾದ ಮೇಲೆ ಗುಂಡಿಯನ್ನು ಹಿಂದಕ್ಕೆ ದೂಡಿ ಆರಿಸಬೇಕು ಎಂದು ತಿಳಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹಚ್ಚಿದ್ ಕೈಯಲ್ಲೇ ಆರ್ಸೋದಾ? ಗವೀಲಿ, ದೇವರ ಮುಂದೆ?" ಬ್ಯಾಟರಿಯನ್ನು ಗೂಡಿನಿಂದ ತೆಗೆದು ನನ್ನ ಕೈಗಿಟ್ಟು, "ಹಂಗಾದ್ರೆ ಬೇಡ ಬಿಡಪ್ಪ. ನಿನ್ನ ಚಿಕ್ಕಪ್ಪ ಮಠದವರಿಗೇ ಹೇಳ್ಲಿ," ಎಂದಳು.

ಅವಳು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೈಕಲ್ ಹತ್ತಿ ಒಂದೇ ಉಸುರಿಗೆ ಆಲ್ದೂರಿಗೆ ಹೋದೆ.

"ಆರಿಸಬೇಕಾಗಿಲ್ಲದ ಬ್ಯಾಟರಿ ಬೇಕು," ಎಂದೆ.

ಸೋಮಶೇಖರಪ್ಪ ನಗುತ್ತಾರೆಂದುಕೊಂಡಿದ್ದೆ. ನಡೆದದ್ದನ್ನು ಕೇಳಿ ಅವರು ತಲೆಯಾಡಿಸಿದರು. "ನಮ್ಮ ತಾಯಿನೂ ಆರಿಸ್ತಿರ್ಲಿಲ್ಲ. ನಿನ್ನೆ ನಂಗೇ ಹೊಳೀಬೇಕಿತ್ತು." ಗೀರಿನ ಮೈಯ ಬ್ಯಾಟರಿಯನ್ನೇ ಮತ್ತೆ ತೆಗೆದರು. "ಇದನ್ನ ಯಾರೂ ಒಯ್ಯಲ್ಲ ಮಾರಾಯ. ಒತ್ಕೊಂಡೇ ಇರ್ಬೇಕು. ಬಿಟ್ರೆ ಹೋಗುತ್ತೆ."

"ಬಿಟ್ರೆ ಹೋಗುತ್ತಲ್ಲ, ಅದೇ ಬೇಕಾಗಿರೋದು. ಯಾರೂ ಆರಿಸ್ದಂಗಾಯ್ತು."

"ಅಮ್ಮಾವ್ರ ಹೆಬ್ಬೆರಳು?"

ಅದನ್ನು ನಾಳೆ ನೋಡಿಕೊಂಡರಾಯಿತೆಂದು ಬ್ಯಾಟರಿ ಬದಲಿಸಿಕೊಂಡು ಬಂದೆ.

ಭಾನುವಾರ ಇಡೀ ದಿನ ಅಜ್ಜಿಯ ಹೆಬ್ಬೆರಳು ಸೋತಿತು. ಬೆಳಕು ಒಮ್ಮೆ ಬರುವುದು, ಕಣ್ಣು ಹೊಡೆಯುವುದು, ಹೋಗುವುದು. "ಇದೇನೋ, ಪೋಲಿ ಹುಡುಗನ ಹಂಗೆ," ಎಂದಳು. ಚಿಕ್ಕಪ್ಪ ಅದನ್ನು ನೋಡಿಕೊಂಡೇ ಆಚೆ ಈಚೆ ಓಡಾಡುತ್ತಿದ್ದರು.

ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಆಮೇಲೆ ನನ್ನನ್ನು ಕೂಗಿದಳು.

"ತಾ ಅದನ್ನ ಇಲ್ಲಿ."

ಹಾಲು ಮೆತ್ತಿದ ಕೈಯಲ್ಲೇ ಬ್ಯಾಟರಿ ತೆಗೆದುಕೊಂಡು ತಿರುಗಿಸಿ, ಗುಂಡಿ ಅಂಗೈಗೆ ಬರುವಂತೆ ಹಿಡಿದಳು. ಹೆಬ್ಬೆರಳಿನ ಗೊಡವೆಗೇ ಹೋಗದೆ, ಮೊಲೆ ಹಿಂಡುವಂತೆ ಇಡೀ ಮುಷ್ಟಿ ಬಿಗಿದಳು. ಬೆಳಕು ಚಿಮ್ಮಿ ಹಸುವಿನ ಮುಖಕ್ಕೆ ಬಿತ್ತು. ಹಸು ಮೆಲುಕು ಮರೆತು ನಿಂತಿತು. ಮುಷ್ಟಿ ಸಡಿಲಿಸಿದಳು, ಹೋಯಿತು. ಬಿಗಿದಳು, ಬಂತು. ಅಷ್ಟು ವರ್ಷ ದಿನಕ್ಕೆರಡು ಹೊತ್ತು ಹಿಂಡಿದ ಕೈಗೆ ದಣಿವೆಂಬುದೇ ಇರಲಿಲ್ಲ. ಅಜ್ಜಿ ಆ ಸಂಜೆ ಹಾಲಿನ ಜೊತೆಗೆ ಬೆಳಕನ್ನೂ ಕರೆದಳು; ಎರಡೂ ಕರೆದ ಕೂಡಲೇ ಬಂದವು.

ಸೋಮವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಮೂವರೂ ಗವಿಯ ಬಾಯಿಗೆ ಹೋದೆವು. ಚಿಕ್ಕಪ್ಪ ಹೊರಗೆ ಕಲ್ಲಿನ ಮೇಲೆ ಕೂತರು. "ನೀನು ಹಿಂದೆ ಹೋಗು. ಕೈ ಕೊಡ್ಬೇಡ," ಎಂದರು ನನಗೆ.

"ಬಾಯೂ ಬಿಡ್ಬೇಡ," ಎಂದಳು ಅಜ್ಜಿ.

ಬುಟ್ಟಿಯನ್ನು ಎಡಗೈಗೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಬ್ಯಾಟರಿ ಹಿಡಿದು ಅವಳು ಬಗ್ಗಿದಳು. ನಾನೂ ಬಗ್ಗಿ ಅವಳ ಹಿಮ್ಮಡಿ ನೋಡುತ್ತ ನಡೆದೆ. ನೀರು ಪಾದ ಮುಳುಗುವಷ್ಟಿತ್ತು. ಅವಳು ಮುಷ್ಟಿ ಬಿಗಿದು ಕಾಲಿಡುವ ಜಾಗ ನೋಡುವಳು, ಇಡುವಳು, ಸಡಿಲಿಸುವಳು. ಬೆಳಕಿಗೂ ಹೆಜ್ಜೆಗೂ ಒಂದೇ ಲಯ. ಹೋದ ವಾರ ಬಿದ್ದ ಜಾಗ ಬಂದಾಗ ನಿಂತಳು. ನನ್ನ ಕೈ ಮುಂದೆ ಹೋಗಿಯೇಬಿಟ್ಟಿತ್ತು, ಹಿಂದಕ್ಕೆ ಎಳೆದುಕೊಂಡೆ. ಮೇಲಿಂದ ಹನಿಯೊಂದು ಬಿದ್ದು ಬ್ಯಾಟರಿಯ ಗಾಜಿನ ಮೇಲೆ ಒಡೆಯಿತು. ಬೆಳಕು ಅಲುಗಲೂ ಇಲ್ಲ.

"ಬೀಳು ಬೀಳು," ಎಂದು ಹನಿಗೆ ಹೇಳಿ ಅಜ್ಜಿ ದಾಟಿದಳು.

ಲಿಂಗದ ಮುಂದೆ ಬಂದೆವು. ಬೆಣ್ಣೆಯ ಉಂಡೆಯಂತೆ ನುಣುಪಾದ ಕಲ್ಲು. ಅಜ್ಜಿ ಬಗ್ಗಿಯೇ ಹೂವಿಟ್ಟಳು, ಪಕ್ಕದ ಗೂಡಿನಲ್ಲಿ ಹಣತೆ ಹಚ್ಚಿದಳು. ಆಗ ಲಿಂಗದ ನೆತ್ತಿಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಆ ಸದ್ದನ್ನು ಅವಳು ಬಂದ ಸೋಮವಾರವೆಲ್ಲ ಕೇಳಿದ್ದಳು.

"ಇದು ಎಲ್ಲಿಂದ ಬೀಳುತ್ತೋ, ಒಂದಿನಾನೂ ನೋಡಿಲ್ಲ," ಎನ್ನುತ್ತ ಬ್ಯಾಟರಿಯನ್ನು ಮೇಲಕ್ಕೆ ತಿರುಗಿಸಿ ಮುಷ್ಟಿ ಬಿಗಿದಳು.

ಮೇಲೆ ಬಂಡೆ ಇರಲಿಲ್ಲ.

ತಲೆಗೆ ತಾಗುತ್ತದೆಂದು ತಲೆಮಾರುಗಳು ನಂಬಿದ್ದ ಬಂಡೆ ಲಿಂಗಕ್ಕೆ ಎರಡು ಮಾರು ಹಿಂದೆಯೇ ಮುಗಿದಿತ್ತು. ಅಲ್ಲಿಂದ ಗವಿ ನೇರ ಮೇಲಕ್ಕೆ ಎದ್ದಿತ್ತು. ಒದ್ದೆ ಗೋಡೆಗಳು ಬೆಳಕಿನಲ್ಲಿ ಮಿನುಗುತ್ತ ಏರಿದವು, ಇನ್ನೂ ಏರಿದವು, ಎಲ್ಲಿಂದಲೋ ಇಳಿದ ಬೇರುಗಳು ಬಿಳಿ ಜಡೆಗಳಂತೆ ತೂಗಿದ್ದವು. ಅದಕ್ಕೂ ಮೇಲೆ ಬೆಳಕು ಸೋತು ಕತ್ತಲೆ ಮಾತ್ರ ಉಳಿದಿತ್ತು. ಆ ಕತ್ತಲೆಯೊಳಗಿಂದ ಒಂದು ಚುಕ್ಕಿ ಹುಟ್ಟಿತು. ಹೊಳೆಯುತ್ತ, ದೊಡ್ಡದಾಗುತ್ತ, ನಮ್ಮ ಕಡೆಗೇ ಇಳಿದು ಬಂದು ಲಿಂಗದ ಮೇಲೆ ಒಡೆಯಿತು. ಅದು ಹನಿಯೆಂದು ತಿಳಿಯಲು ನನಗೆ ಇನ್ನೊಂದು ಹನಿ ಬೇಕಾಯಿತು.

ಅಜ್ಜಿ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದಳು. ಮೊದಲು ಭುಜ, ಆಮೇಲೆ ಕುತ್ತಿಗೆ. ತಲೆಯನ್ನು ಕಡೆಗೆ ಎತ್ತಿದಳು, ಈಗಲೂ ಏನೋ ತಾಗಬಹುದೆಂಬಂತೆ. ಏನೂ ತಾಗಲಿಲ್ಲ. ಅವಳು ಇಷ್ಟು ಎತ್ತರದವಳೆಂದು ನನಗೆ ಗೊತ್ತಿರಲಿಲ್ಲ.

"ಅತ್ತೆ ನಿಂತ್ಕೊಳ್ಲಿಲ್ಲ," ಎಂದಳು. "ಅವರತ್ತೇನೂ ನಿಂತ್ಕೊಳ್ಲಿಲ್ಲ."

ಮುಷ್ಟಿ ತಾನಾಗಿ ಸಡಿಲವಾಯಿತು. ಬೆಳಕು ಹೋಯಿತು, ಗೂಡಿನ ಹಣತೆ ಉಳಿಯಿತು. ಆ ಸಣ್ಣ ಬೆಳಕಿನ ಮೇಲೆ ಇಷ್ಟು ದೊಡ್ಡ ಎತ್ತರ ನಿಂತಿದೆಯೆಂದು ಈಗ ನಮಗೆ ಗೊತ್ತಿತ್ತು. ಅಜ್ಜಿ "ಶಿವನೇ" ಎಂದಳು. ಆ ಮಾತು ಮೇಲೆ ಹೋಯಿತು. ಬಂಡೆಗಳ ನಡುವೆ ಕೂಗಿದ ಮಾತು ತಿರುಗಿ ಬರಬೇಕಲ್ಲವೇ? ನಾನು ಕಿವಿಗೊಟ್ಟು ಕಾದೆ. ಬರಲಿಲ್ಲ. ಕೇಳಿದ ದನಿಯನ್ನೆಲ್ಲ ತಿರುಗಿ ಆಡಿ ತೋರಿಸುವ ನನ್ನ ನಾಲಗೆಯೂ ಆಡಲಿಲ್ಲ.

ತಗ್ಗಿನ ದಾರಿಯಲ್ಲಿ ಮತ್ತೆ ಬಗ್ಗಿ ಹೊರಗೆ ಬಂದೆವು. ಅಜ್ಜಿ ಯಾವ ಗೋಡೆಯನ್ನೂ ಹಿಡಿಯಲಿಲ್ಲ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಳು.

ಚಿಕ್ಕಪ್ಪ ಎದ್ದರು. ಅವರ ಕಣ್ಣು ಮೊದಲು ಅವಳ ಮೊಣಕೈಗೆ ಹೋಯಿತು, ಆಮೇಲೆ ಸೀರೆಗೆ. "ಬೀಳ್ಲಿಲ್ವಾ?"

ಅಜ್ಜಿ ಬ್ಯಾಟರಿಯನ್ನು ಅವರ ಕೈಗಿಟ್ಟಳು, ಗುಂಡಿ ಅಂಗೈಗೆ ಬರುವಂತೆ ತಿರುಗಿಸಿ. "ಹೋಗು. ಲಿಂಗದ ಹತ್ರ ನೆಟ್ಟಗೆ ನಿಂತು ಮೇಲೆ ನೋಡ್ಕೊಂಡು ಬಾ."

"ನೆಟ್ಟಗೆ ನಿಂತ್ರೆ ತಲೆ..."

"ಹೋಗೋ."

ಅವರು ಗೊಣಗುತ್ತ ಬಗ್ಗಿ ಒಳಗೆ ಹೋದರು. ಗೊಣಗಾಟ ಸ್ವಲ್ಪ ದೂರ ಕೇಳಿಸಿ ನಿಂತಿತು. ನಾವು ಕಲ್ಲಿನ ಮೇಲೆ ಕೂತೆವು. ಕೆಳಗೆ ಕಣದಲ್ಲಿ ಕಾಫಿ ಎಳೆದು ಹರಡುವ ಸದ್ದು ಕೇಳುತ್ತಿತ್ತು. ಅಜ್ಜಿ ಬುಟ್ಟಿಯಲ್ಲಿ ಉಳಿದಿದ್ದ ಒಂದು ಹೂವನ್ನು ತಿರುಗಿಸುತ್ತ ಕೂತಿದ್ದಳು, ಅವಸರವಿರಲಿಲ್ಲ.

ಚಿಕ್ಕಪ್ಪ ಬಂದಾಗ ಅವರ ರುಮಾಲು ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಹಣೆಯ ಮೇಲೆ ನೀರಿಳಿದಿತ್ತು, ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತು ಗವಿಯ ಬಾಯನ್ನೇ ನೋಡುತ್ತ ನಿಂತರು. ಮಠದ ಮಾತು ಬರಲಿಲ್ಲ.

"ಅವ್ವ," ಎಂದರು ಕಡೆಗೆ. "ಬರೋ ಸೋಮವಾರ ನೀನು ಹೋಗೋವಾಗ ನಾನೂ ಬರ್ಲಾ?"

ಅಜ್ಜಿ ಕೈ ಚಾಚಿದಳು. ಅವರು ಬ್ಯಾಟರಿಯನ್ನು ವಾಪಸು ಕೊಟ್ಟರು.

"ಬಾ," ಎಂದಳು ಅಜ್ಜಿ. "ದೀಪ ನಾನೇ ಹಿಡೀತೀನಿ."