ಊಳಿಡಬೇಡಿ ಮಕ್ಕಳೇ

ಹುಲ್ಲುಹಾಸಿನ ಆಚೆ, ಊಟದ ಮನೆಯ ಗಾಜಿನ ಗೋಡೆಯ ಹಿಂದೆ, ಇನ್ನೂರು ಮಕ್ಕಳು ಕತ್ತು ಮೇಲೆತ್ತಿ ತೋಳಗಳ ಹಾಗೆ ಊಳಿಡುತ್ತಿರುವುದು ಮಾರ್ಲಿಸ್ ಉನ್ರೂಗೆ ತನ್ನ ಕಾಲೇಜು ಕಚೇರಿಯ ಕಿಟಕಿಯಿಂದ ಕಾಣುತ್ತಿತ್ತು. ಊರಿನ ಸೈರನ್ ಕೂಗುತ್ತಿತ್ತು. ಮೇಜಿನ ಮೇಲಿದ್ದ ರೇಡಿಯೋದಲ್ಲಿ ಜಿಲ್ಲಾ ಕಚೇರಿಯ ಹೆಂಗಸು, ಅಡುಗೆ ಹೇಳಿಕೊಡುವವಳಷ್ಟು ಸಮಾಧಾನದ ದನಿಯಲ್ಲಿ, ಸುಂಟರಗಾಳಿ ನೆಲ ಮುಟ್ಟಿದೆ, ರೈಲು ಹಳಿಯ ಪಶ್ಚಿಮಕ್ಕಿದೆ, ಊರಿನ ಕಡೆಗೇ ಬರುತ್ತಿದೆ ಎಂದು ಎರಡನೆಯ ಸಲ ಹೇಳಿದಳು. ಮಕ್ಕಳು ಇನ್ನೂ ಜೋರಾಗಿ ಊಳಿಟ್ಟರು.

ಅವರನ್ನು ಬೈಯುವಂತಿರಲಿಲ್ಲ. ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ನಿನ ಪರೀಕ್ಷೆ ನಡೆಯುತ್ತದೆಂಬುದು ಕ್ಯಾನ್ಸಸ್ಸಿನ ಈ ಬಯಲಿನಲ್ಲಿ ನಾಯಿಗಳಿಗೂ ಗೊತ್ತು. ಎಲ್ಮ್ ಕ್ರೀಕ್ ಕಾಲೇಜಿನ ಆಟದ ತಂಡಗಳಿಗೆ ತೋಳಗಳೆಂದು ಹೆಸರು. ಯಾವ ಕಾಲದಲ್ಲೋ ಒಬ್ಬ ತರಲೆ ಹುಡುಗ ಸೈರನ್ನಿಗೆ ದನಿಗೂಡಿಸಿ ಊಳಿಟ್ಟ, ಪಕ್ಕದವನೂ ಊಳಿಟ್ಟ, ಅದೇ ಸಂಪ್ರದಾಯವಾಗಿಬಿಟ್ಟಿತು. ಹೊಸದಾಗಿ ಸೇರಿದವರು ತಮ್ಮ ಮೊದಲ ಬುಧವಾರ ಊಳಿಟ್ಟ ಮೇಲೆಯೇ ಕಾಲೇಜಿನವರಾದಂತೆ. ಮಾರ್ಲಿಸ್ ಕೂಡ ಇಲ್ಲೇ ಓದಿದವಳು. ಆಗ ಬಹಳ ನಾಚಿಕೆಯ ಹುಡುಗಿ. ಬಾಯಿ ತೆರೆದಳೇ ಹೊರತು ದನಿ ಹೊರಡಿಸಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ.

ಆದರೆ ಇವತ್ತು ಪರೀಕ್ಷೆಯೇ ಇರಲಿಲ್ಲ. ಮೋಡ ಕಟ್ಟುತ್ತಿದೆಯೆಂದು ಜಿಲ್ಲೆಯವರು ಬೆಳಗ್ಗೆಯೇ ರದ್ದು ಮಾಡಿದ್ದರು. ಸೈರನ್ನಿನ ಜೊತೆಗೆ ಎಲ್ಲರ ಫೋನಿಗೂ ತಾನಾಗಿಯೇ ಹೋಗುವ ಕಾಲೇಜಿನ ಸಂದೇಶವನ್ನು ತಡೆಯುವುದು ಮಾರ್ಲಿಸ್ಸಳ ಕೆಲಸ. ಅವಳು ತಡೆಯಲು ಗುಂಡಿ ಒತ್ತಿದಳು. ಯಂತ್ರ ಮಾತ್ರ ಎರಡನೆಯವರ ಒಪ್ಪಿಗೆ ಕೇಳಿತು. ಒಪ್ಪಿಗೆ ಕೊಡಬೇಕಾದ ಅಧ್ಯಕ್ಷ ಹಾರ್ಲನ್ ಕ್ರೋಕರ್ ವಿಚಿಟಾದಲ್ಲಿ ಯಾರೋ ದಾನಿಗಳ ಜೊತೆ ಊಟಕ್ಕೆ ಕೂತಿದ್ದರು, ಫೋನಿನ ಬಾಯಿ ಮುಚ್ಚಿಸಿ. ಹಾಗಾಗಿ ಹನ್ನೆರಡಕ್ಕೆ ಸರಿಯಾಗಿ ಎಲ್ಲರಿಗೂ ಸಂದೇಶ ಹೋಯಿತು: ‘ಇದು ಪರೀಕ್ಷೆ ಮಾತ್ರ. ನೀವು ಏನೂ ಮಾಡಬೇಕಾಗಿಲ್ಲ.’ ಸ್ವಲ್ಪ ಹೊತ್ತಿಗೆ ನಿಜವಾದ ಸೈರನ್ ಕೂಗಿತು. ಇವತ್ತು ಸೈರನ್ನಿನವರು ತಡವಾಗಿ ಎದ್ದಿದ್ದಾರೆ ಎಂದು ನಗುತ್ತಾ ಮಕ್ಕಳು ಬಾಯಿ ತೆರೆದರು.

ಎರಡು ಒಪ್ಪಿಗೆಯ ಈ ನಿಯಮ ಹುಟ್ಟಿದ್ದೂ ಮಾರ್ಲಿಸ್ಸಳಿಂದಲೇ. ಹೋದ ಶರತ್ಕಾಲದಲ್ಲಿ ಹುಡುಗಿಯರ ಹಾಸ್ಟೆಲಿನೊಳಗೆ ಒಂದು ಸ್ಕಂಕ್, ಬೆದರಿದರೆ ಬಾಲವೆತ್ತಿ ನಾತ ಚಿಮ್ಮಿಸುವ ಪ್ರಾಣಿ, ನುಗ್ಗಿತ್ತು. ‘ಹಾಸ್ಟೆಲಿಗೆ ನಾರುವ ಅತಿಥಿಯೊಬ್ಬರು ಬಂದಿದ್ದಾರೆ. ಬಾಲ ಎತ್ತಿದರೆ ವಾದ ಮಾಡದೆ ಹೊರಗೆ ಬನ್ನಿ’ ಎಂದು ಅವಳು ಎಲ್ಲರಿಗೂ ಸಂದೇಶ ಕಳಿಸಿದ್ದಳು. ಹುಡುಗರು ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು. ಆಡಳಿತ ಮಂಡಳಿಗೆ ನಗು ಬರಲಿಲ್ಲ.

“ನಂಗೂ ನಗು ಬಂತು ಮಾರ್ಲಿಸ್, ಸುಳ್ಳು ಹೇಳಲ್ಲ,” ಎಂದಿದ್ದರು ಕ್ರೋಕರ್. “ಆದ್ರೆ ಎಚ್ಚರಿಕೆ ಅನ್ನೋದು ಎಚ್ಚರಿಕೆ ಥರ ಇರ್ಬೇಕಲ್ವಾ.”

ಅಂದಿನಿಂದ ಅವಳು ಒಬ್ಬಳೇ ಕಳಿಸಬಹುದಾಗಿದ್ದದ್ದು ಮೊದಲೇ ಕೆತ್ತಿಟ್ಟ ವಾಕ್ಯಗಳನ್ನು ಮಾತ್ರ. ಸ್ವಂತ ಮಾತು ಒಂದು ಸೇರಿಸಿದರೂ, ತಾನಾಗಿ ಹೋಗುವುದನ್ನು ತಡೆದರೂ ಅಧ್ಯಕ್ಷರ ಒಪ್ಪಿಗೆ ಬೇಕು.

ಅವಳು ಕ್ರೋಕರರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಅಡುಗೆಮನೆಯ ಎರ್ನಾ ವೊಯ್ತಳಿಗೆ ಮಾಡಿದಳು. ಎರ್ನಾ ಮೂವತ್ತು ವರ್ಷದ ಗೆಳತಿ, ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟು ಮರೆಯುವವಳು. ಎದ್ದು ಓಡಿದರೆ ಊಟದ ಮನೆಗೆ ಹೇಳಬಹುದು, ಸರಿ. ಹಾಸ್ಟೆಲುಗಳಿಗೆ ಹೇಳುವವರು ಯಾರು, ಜಿಮ್ಮಿಗೆ ಯಾರು? ಪಶ್ಚಿಮದ ಆಕಾಶ ಹಳೆಯ ತಾಮ್ರದ ಪಾತ್ರೆಯ ಕಿಲುಬಿನ ಬಣ್ಣಕ್ಕೆ ತಿರುಗಿತ್ತು. ಅವಳು ಮತ್ತೆ ಯಂತ್ರದತ್ತ ತಿರುಗಿದಳು.

ಪರದೆಯ ಮೇಲೆ ಕೆತ್ತಿಟ್ಟ ವಾಕ್ಯ ಕಾಯುತ್ತಿತ್ತು: ‘ಸುಂಟರಗಾಳಿ ಎಚ್ಚರಿಕೆ. ಸ್ಥಳ: … ಕೂಡಲೇ ಆಶ್ರಯ ಪಡೆಯಿರಿ.’ ಇದೇ ವಾಕ್ಯವನ್ನು ಸುಂಟರಗಾಳಿ ಎಲ್ಲೋ ದೂರ ಹಾದುಹೋದ ದಿನಗಳಲ್ಲೂ ಕಳಿಸಿ ಕಳಿಸಿ ಅದಕ್ಕೆ ಸವಕಲು ನಾಣ್ಯದಷ್ಟೂ ಬೆಲೆ ಉಳಿದಿರಲಿಲ್ಲ. ಮಕ್ಕಳು ನೋಡುತ್ತಾರೆ, ಬೆರಳಲ್ಲಿ ಸರಿಸುತ್ತಾರೆ, ಸೂಪು ಕುಡಿಯುತ್ತಾರೆ. ಅವಳ ಕಣ್ಣು ಸ್ಥಳ ಎಂಬ ಮಾತಿನ ಮುಂದಿದ್ದ ಖಾಲಿ ಜಾಗದ ಮೇಲೆ ನಿಂತಿತು. ಆ ಒಂದು ಜಾಗವನ್ನು ತುಂಬಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಅವಳು ಬರೆದಳು: ‘ಊಳಿಡಬೇಡಿ ಮಕ್ಕಳೇ. ಇದು ನಿಜ. ಎಲ್ಲಿದ್ದೀರೋ ಅಲ್ಲಿಂದ ನೆಲಮಾಳಿಗೆಗೆ ಇಳಿಯಿರಿ. ನಿಮ್ಮ ಮಾರ್ಲಿಸ್.’ ಗುಂಡಿ ಒತ್ತಿದಳು. ಒತ್ತಿ ಕಿಟಕಿಗೆ ಬಂದು ನಿಂತಳು.

ಏನೂ ಆಗಲಿಲ್ಲ. ಗಾಜಿನ ಹಿಂದೆ ಕತ್ತುಗಳು ಮೇಲೆಯೇ ಇದ್ದವು. ಊಳಿನ ಮುಂದಾಳು ಮಾರಿಸೆಲಾ ಒರ್ನೆಲಾಸ್, ಡಾಡ್ಜ್ ಸಿಟಿಯಿಂದ ಬಂದ ವಾಲಿಬಾಲ್ ಆಟಗಾರ್ತಿ, ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಆಮೇಲೆ ಒಂದು ತಲೆ ತಗ್ಗಿತು. ಇನ್ನೊಂದು ತಗ್ಗಿತು. ಮಾರಿಸೆಲಾ ಜೇಬಿನಿಂದ ಫೋನು ತೆಗೆದಳು, ಓದಿದಳು, ಕುರ್ಚಿಯಿಂದ ಇಳಿದಳು. ಸೈರನ್ ಒಂದೇ ಕೂಗುತ್ತಾ ಉಳಿಯಿತು.

ನಂತರ ಎಲ್ಲರೂ ಒಟ್ಟಿಗೆ ಎದ್ದರು. ಮಾರಿಸೆಲಾ ನೆಲಮಾಳಿಗೆಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ಒಬ್ಬೊಬ್ಬರನ್ನೇ ಭುಜ ಮುಟ್ಟಿ ಒಳಗೆ ತಳ್ಳುತ್ತಿದ್ದಳು. ಕೊನೆಯಲ್ಲಿ ಎರ್ನಾ ಬಂದಳು, ಜ್ವೀಬಾಖ್ ಬನ್ನುಗಳ ದೊಡ್ಡ ತಟ್ಟೆ ಹೊತ್ತುಕೊಂಡು. ಅವಳನ್ನು ತಟ್ಟೆಯ ಸಮೇತ ಒಳಗೆ ತಳ್ಳಿ ಹುಡುಗಿ ಬಾಗಿಲೆಳೆದುಕೊಂಡಳು. ಗಾಜಿನ ಹಿಂದೆ ಕುರ್ಚಿಗಳು ಮಾತ್ರ ಕಂಡ ಮೇಲೆ ಮಾರ್ಲಿಸ್ ತಾನೂ ಕಚೇರಿಯ ನೆಲಮಾಳಿಗೆಗೆ ಮೆಟ್ಟಿಲಿಳಿದು ಓಡಿದಳು. ಮುದ್ರಣದ ಹಳೆಯ ಕಾಗದಗಳ ನಡುವೆ ತಲೆಯ ಮೇಲೆ ಕೈಯಿಟ್ಟು ಕೂತಾಗ ಕಟ್ಟಡ ಇಡಿಯಾಗಿ ಹಲ್ಲು ಕಡಿಯಿತು.

ಹೊರಗೆ ಬಂದಾಗ ಊಟದ ಮನೆಗೆ ಚಾವಣಿ ಇರಲಿಲ್ಲ. ಗಾಜಿನ ಗೋಡೆಯೂ ಇರಲಿಲ್ಲ. ಮೇಜುಗಳು ಹುಲ್ಲುಹಾಸಿನ ಮೇಲೆ, ಬಿಸಿಲಿನಲ್ಲಿ, ಕಾಲು ಮೇಲೆ ಮಾಡಿ ಬಿದ್ದಿದ್ದವು. ನೆಲಮಾಳಿಗೆಯ ಬಾಗಿಲು ತೆರೆದು ಮಕ್ಕಳು ಒಬ್ಬೊಬ್ಬರಾಗಿ ಬೆಳಕಿಗೆ ಬರುತ್ತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಬನ್ನು. ಹಾಸ್ಟೆಲುಗಳಿಂದ ಬಂದರು, ಜಿಮ್ಮಿನಿಂದ ಬಂದರು. ಒಬ್ಬನ ಕಣಕಾಲು ಉಳುಕಿತ್ತು, ಅಷ್ಟೆ. ಮಾರ್ಲಿಸ್ ಬಗ್ಗಿ, ಬಿದ್ದ ಒಂದು ಮೇಜನ್ನು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು.

ಎರ್ನಾ ಅವಳ ಕೈಗೂ ಒಂದು ಬನ್ನು ತುರುಕಿದಳು. “ತಿನ್ನು. ಅತ್ತುಕೊಂಡೇ ತಿನ್ನು, ಪರವಾಗಿಲ್ಲ.”

“ನೀನು ಫೋನ್ ನೋಡಿದ್ಯಾ?”

“ನಾನೆಲ್ಲಿ ನೋಡ್ಲಿ. ಸೈರನ್ನೂ ನಂಬ್ಲಿಲ್ಲ. ಇವುಗಳ ಗಲಾಟೆ ನಿಲ್ಸೋಕೆ ಸೌಟು ಬಡಿದು ಬಡಿದು ನನ್ನ ಕೈ ಬಿದ್ದೋಗಿದೆ, ವರ್ಷಗಟ್ಟಲೆಯಿಂದ. ಇವತ್ತೂ ಬಡೀತಾ ಇದ್ದೆ. ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರು ನೋಡು, ಮಾರ್ಲಿಸ್. ಆಗ ಹೆದರಿದೆ ನಾನು.”

ಸಂಜೆಯ ಹೊತ್ತಿಗೆ ಕ್ರೋಕರ್ ವಿಚಿಟಾದಿಂದ ಓಡಿ ಬಂದಿದ್ದರು, ಟೈ ಹೆಗಲ ಮೇಲೆ ಬಿದ್ದಿತ್ತು. ಆಕಾಶ ಕಾಣುತ್ತಿದ್ದ ಊಟದ ಮನೆಯನ್ನು ಒಂದು ಸುತ್ತು ಹಾಕಿದರು. ಆಮೇಲೆ ಫೋನು ಅವಳತ್ತ ಹಿಡಿದರು.

“ಸ್ಥಳ ಅನ್ನೋ ಜಾಗದಲ್ಲಿ ಏನಮ್ಮ ಇದು?”

“ಮಕ್ಕಳು ಎಲ್ಲಿದ್ರೋ ಅದನ್ನೇ ಬರೆದೆ,” ಎಂದಳು ಮಾರ್ಲಿಸ್. “ಅವರೆಲ್ಲಾ ಊಳಿನೊಳಗೇ ಇದ್ರು.”

ಕ್ರೋಕರ್ ನಗಲು ಹೋಗಿ ನಗಲಾರದೆ ಅವಳ ಎರಡೂ ಕೈ ಹಿಡಿದುಕೊಂಡರು. ನಿಯಮ ಮರುದಿನವೇ ಹೋಯಿತು.

ಬೇಸಿಗೆಯಿಡೀ ಅವಳಿಗೆ ಮಕ್ಕಳ ತಾಯಂದಿರಿಂದ ಕೇಕು ಬಂತು, ಜ್ಯಾಮು ಬಂತು, ಮಾರಿಸೆಲಾಳ ಅಜ್ಜಿ ಡಾಡ್ಜ್ ಸಿಟಿಯಿಂದ ಕಟ್ಟಿ ಕಳಿಸಿದ ತಮಾಲೆ ಎಂಬ ಮೆಕ್ಕೆಜೋಳದ ಕಡುಬುಗಳು ಬಂದವು. ತೆಗೆದುಕೊಳ್ಳುವಾಗೆಲ್ಲ ಮಾರ್ಲಿಸ್ಸಳಿಗೆ ಮುಜುಗರ. ಪರೀಕ್ಷೆ ಮಾತ್ರ ಎಂದು ಹೇಳಿದ್ದೂ ಅವಳ ಯಂತ್ರವೇ. ಅದನ್ನು ಓದಿದ ಮಕ್ಕಳು ಅದರ ಹಿಂದೆಯೇ ಬಂದ ಅವಳ ಮಾತನ್ನು ನಂಬಿ ಎದ್ದರಲ್ಲ. ಕೃತಜ್ಞತೆ ಯಾರು ಯಾರಿಗೆ ಹೇಳಬೇಕು? ತಾನು ಬರೆದದ್ದು ನಾಲ್ಕು ಮಾತು, ಬದುಕಿ ತೋರಿಸಿದವರು ಅವರು ಎಂದು ಅವಳಿಗೆ ಅನ್ನಿಸುತ್ತಿತ್ತು. ರಾತ್ರಿ ಪ್ರಾರ್ಥನೆಯಲ್ಲಿ ಬೇರೆ ಏನನ್ನೂ ಬೇಡಲು ತೋಚುತ್ತಿರಲಿಲ್ಲ, ಥ್ಯಾಂಕ್ಸ್ ಹೇಳಿ ಮಲಗುತ್ತಿದ್ದಳು.

ಸೆಪ್ಟೆಂಬರಿನ ಮೊದಲ ಬುಧವಾರ ಊಟ ಜಿಮ್ಮಿನಲ್ಲಿತ್ತು, ಹೊಸ ಚಾವಣಿ ಇನ್ನೂ ಬಂದಿರಲಿಲ್ಲ. ಮಾರ್ಲಿಸ್ ಅಂದು ಕಚೇರಿಯಲ್ಲಿ ಕೂರಲಾರದೆ ಮಕ್ಕಳ ನಡುವೆ ಬಂದು ಕೂತಳು. ಎರ್ನಾ ಬೋರ್ಷ್ಟ್ ಸೂಪು ಬಡಿಸುತ್ತಿದ್ದಳು. ಆಕಾಶ ನಿಚ್ಚಳವಾಗಿತ್ತು. ಎಲ್ಲ ಫೋನುಗಳೂ ಒಟ್ಟಿಗೆ ಗುಂಯ್ ಎಂದವು, ಇದು ಪರೀಕ್ಷೆ ಮಾತ್ರ. ಆಮೇಲೆ ಸೈರನ್.

ಯಾರೂ ಊಳಿಡಲಿಲ್ಲ. ಹೊಸಬರು ಹಳಬರ ಮುಖ ನೋಡಿದರು. ಹಳಬರು ತಟ್ಟೆ ನೋಡಿದರು. ಮಾರಿಸೆಲಾಳ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

“ಯಾಕೆ ಮಗಾ?” ಎಂದು ಮಾರ್ಲಿಸ್ ಮೆಲ್ಲಗೆ ಕೇಳಿದಳು.

“ನೀವೇ ಬೇಡ ಅಂದ್ರಲ್ಲ ಮಿಸ್ ಮಾರ್ಲಿಸ್.”

ಇಷ್ಟು ದೊಡ್ಡ ಮೌನ ತನ್ನ ಒಂದು ಮಾತಿನಿಂದ ಹುಟ್ಟಿ ಇನ್ನೂ ಉಳಿದಿದೆ ಎಂದು ಮಾರ್ಲಿಸ್ಸಳಿಗೆ ಗೊತ್ತಿರಲಿಲ್ಲ. ಅವಳು ಚಮಚ ಕೆಳಗಿಟ್ಟಳು. ಎದ್ದು ನಿಂತಳು. ಬಾಯಿ ತೆರೆದಳು, ಈ ಸಲ ದನಿಯೂ ಬಂತು. ಒಡಕು ದನಿ, ನಡುವೆ ಮುರಿಯಿತು, ಮತ್ತೆ ಏರಿತು. ಮಾರಿಸೆಲಾ ತಲೆಯೆತ್ತಿ ನೋಡಿದಳು. ನಗು ಅವಳ ಮುಖಕ್ಕೆ ಬಂದು, ಕಣ್ಣಿಗೆ ನೀರೂ ಬಂದು, ಅವಳು ಕುರ್ಚಿ ಹತ್ತಿದಳು. ಹೊಸಬರು ಸೇರಿಕೊಂಡರು, ಹಿಂದಿನ ಸಾಲು ಸೇರಿಕೊಂಡಿತು, ಸೈರನ್ ಯಾವುದು ಮಕ್ಕಳು ಯಾವುದು ಎಂದು ತಿಳಿಯದಂತಾಯಿತು.

ಬಡಿಸುವ ಮೇಜಿನ ಬಳಿ ಎರ್ನಾ ಅಭ್ಯಾಸದಂತೆ ಬಡಿಯಲು ಸೌಟು ಎತ್ತಿದಳು. ಎತ್ತಿದ್ದನ್ನು ಹಾಗೇ ಪಾತ್ರೆಯೊಳಗೆ ಬಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಗದ್ದ ಮೇಲೆತ್ತಿದಳು.