ಎಣ್ಣೆ ತಳ್ಳುವ ಬಸ್ಸು

ಹನುಮಂತನಗರದ ಏರಿನಲ್ಲಿ ಬೈರಣ್ಣ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಗರ್ಜಿಸಿತು, ಬಸ್ಸು ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬೆನ್ನ ಹಿಂದೆ ಕಣ್ಣು ಪರೀಕ್ಷೆಯ ಯಂತ್ರಗಳು, ನರ್ಸು, ಡಾಕ್ಟರ್ ಸುನಿತಾ. ಬಸ್ಸಿನ ಹಿಂದೆ ಶಾಲೆ ಮಕ್ಕಳು ತುಂಬಿದ ಒಂದು ಆಟೊ. ಬ್ರೇಕ್ ಒತ್ತಿ ನಿಲ್ಲಿಸಿ, ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟ.

ಅದು ಒಂದು ಕಾಲಕ್ಕೆ ಊರೊಳಗೆ ಜನರನ್ನು ಹೊತ್ತು ಓಡಿದ್ದ ಆಟೋಮ್ಯಾಟಿಕ್ ಗೇರಿನ ದೊಡ್ಡ ಬಸ್ಸು. ಬನಶಂಕರಿಯ ಟ್ರಸ್ಟೊಂದು ಅದನ್ನು ಕೊಂಡು, ಸೀಟು ಕಿತ್ತು, ಓಡಾಡುವ ಕಣ್ಣಾಸ್ಪತ್ರೆ ಮಾಡಿತ್ತು. ಕತ್ರಿಗುಪ್ಪೆಯ ಬೈರಣ್ಣ ಆರು ವರ್ಷದಿಂದ ಅದರ ಡ್ರೈವರ್. ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವನು ಕಟ್ಟಿಸಿದ ಬಾಡಿಗೆ ಮನೆಗಳಿದ್ದವು. ಹೊಟ್ಟೆಪಾಡಿಗೆ ಈ ಕೆಲಸ ಬೇಕಿರಲಿಲ್ಲ. ಮೊದಲ ಸಲ ಕನ್ನಡಕ ಹಾಕಿಕೊಂಡ ಮುದುಕಿಯರು ಬಸ್ಸಿಂದ ಇಳಿಯುವಾಗ ಅವನ ಮುಖವನ್ನು ನೋಡಿ ನಗುತ್ತಿದ್ದರಲ್ಲ, ಆ ನಗುವಿಗಾಗಿ ಬರುತ್ತಿದ್ದ.

ಮಡಿವಾಳದ ಮೆಕ್ಯಾನಿಕ್ ಒಬ್ಬ ಐದು ನಿಮಿಷ ಓಡಿಸಿ ನೋಡಿದ. "ಗೇರ್‌ಬಾಕ್ಸ್ ಹೋಗಿದೆ ಅಣ್ಣ. ಬೇರೆದೇ ಹಾಕ್ಬೇಕು. ಸಿಗೋಕೆ ಮೂರು ತಿಂಗಳಾಗ್ಬೋದು."

"ಮೂರು ತಿಂಗಳು ಬಸ್ ನಿಲ್ಸಕ್ಕಾಗಲ್ಲ, ಇನ್ನೊಬ್ರಿಗೆ ತೋರ್ಸಿ ಬೈರಣ್ಣ," ಅಂದರು ಡಾಕ್ಟರ್.

ಮಾರನೆಯ ಬೆಳಿಗ್ಗೆ ಬೈರಣ್ಣ ಏರಿಲ್ಲದ ರಸ್ತೆಗಳನ್ನೇ ಹುಡುಕಿಕೊಂಡು ಜೆ.ಪಿ. ನಗರದ ವಿಮಲಾ ಅವರ ಶೆಡ್ಡಿಗೆ ಬಂದ. ಇಪ್ಪತ್ತು ವರ್ಷ ಬಸ್ ಡಿಪೋದಲ್ಲಿ ದುಡಿದು, ಈಗ ಸ್ವಂತ ಶೆಡ್ ಇಟ್ಟುಕೊಂಡ ಹೆಂಗಸು. ಅವರು ಸ್ಪಾನರ್ ಮುಟ್ಟಲಿಲ್ಲ; ಸ್ಟೂಲ್ ಎಳೆದುಕೊಂಡು ಕೂತು ಡಾಕ್ಟರ ಹಾಗೆ ವಿಚಾರಿಸತೊಡಗಿದರು.

"ಯಾವಾಗ ಜಾರುತ್ತೆ?"

"ಏರಲ್ಲಿ ಮೇಡಂ. ಜೋರಾಗಿ ತಿರುಗಿಸ್ದಾಗ್ಲೂ ಒಂದೊಂದ್ಸಲ."

"ಸಮ ರಸ್ತೇಲಿ?"

"ಏನೂ ಇಲ್ಲ. ಆರಾಮಾಗಿ ಹೋಗುತ್ತೆ."

"ಗೇರ್‌ಬಾಕ್ಸೇ ಸತ್ತಿದ್ರೆ ಸಮ ರಸ್ತೇಲೂ ಸತಾಯಿಸ್ಬೇಕಿತ್ತಲ್ಲ," ಅನ್ನುತ್ತಾ ಎದ್ದರು.

ಎಂಜಿನ್ ಬಿಸಿಯಾಗಿ ಓಡುತ್ತಿರುವಂತೆಯೇ, ಗೇರ್‌ಬಾಕ್ಸಿನ ಆಯಿಲ್ ಎಷ್ಟಿದೆ ಎಂದು ನೋಡುವ ಉದ್ದನೆಯ ಕಡ್ಡಿಯನ್ನು ಎಳೆದರು. ಆಯಿಲ್ ಸರಿಯಾಗಿ ಮೇಲಿನ ಗೆರೆಯವರೆಗಿತ್ತು. ಬೆರಳಿಗೆ ಹಚ್ಚಿ ಮೂಸಿ, ಬೈರಣ್ಣನಿಗೂ ಹಿಡಿದರು. ಸುಟ್ಟ ವಾಸನೆ ಇರಲಿಲ್ಲ; ಬಣ್ಣ ದಾಳಿಂಬೆ ರಸದ ಹಾಗೆ ಕೆಂಪು.

"ಆದ್ರೆ ಇಲ್ನೋಡಿ, ಗುಳ್ಳೆ. ಒಳಗೆ ಎಣ್ಣೆ ಎಳೆಯೋ ಪಂಪು ಗಾಳಿ ಕುಡೀತಿದೆ."

"ಗಾಳಿ ಸೇರಿದ್ರೇನು ಮೇಡಂ? ಗೇರು ಕಬ್ಬಿಣ ಅಲ್ವಾ?"

ವಿಮಲಾ ನಕ್ಕರು. ಶೆಡ್ಡಿನ ಎರಡು ಟೇಬಲ್ ಫ್ಯಾನ್‌ಗಳನ್ನು ತಂದು ಎದುರುಬದುರು ಇಟ್ಟು, ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರು. ವೈರನ್ನೇ ಸಿಕ್ಕಿಸದ ಎರಡನೆಯದು ಒಮ್ಮೆ ಅಲುಗಿ, ನಿಧಾನಕ್ಕೆ ತಿರುಗಲಾರಂಭಿಸಿತು.

"ನಿಮ್ಮ ಬಸ್ಸು ಹೊರಡೋದು ಹೀಗೇನೆ. ಎಂಜಿನ್ ಕಡೆ ಒಂದು ಚಕ್ರ, ಗೇರ್ ಕಡೆ ಒಂದು. ಒಂದಕ್ಕೊಂದು ತಾಗಲ್ಲ. ಮಧ್ಯೆ ಗಾಳಿ ಬದಲು ಎಣ್ಣೆ. ಆ ಎಣ್ಣೇ ತಳ್ಳೋದು. ಒಳಗೆ ಗೇರಿನ ಪ್ಲೇಟುಗಳನ್ನ ಒತ್ತಿ ಬಿಗಿಯಾಗಿ ಹಿಡಿಯೋದೂ ಅದೇ. ಎಣ್ಣೆ ಕಮ್ಮಿಯಾದ್ರೆ, ಏರಲ್ಲಿ ಅದು ಹಿಂದಕ್ಕೆ ಸರಿಯುತ್ತೆ, ತಿರುವಲ್ಲಿ ಪಕ್ಕಕ್ಕೆ. ಪಂಪಿಗೆ ಸಿಗೋದು ಗಾಳಿ. ಹಿಡಿತ ತಪ್ಪಿಹೋಗುತ್ತೆ."

ಬೈರಣ್ಣ ತಿರುಗುವ ಫ್ಯಾನನ್ನೇ ನೋಡುತ್ತಾ ನಿಂತ. ಹತ್ತು ಟನ್ನಿನ ಬಸ್ಸು. ಆರು ವರ್ಷ ಅದನ್ನು ಕಬ್ಬಿಣ ಎಳೆಯುತ್ತದೆ ಅಂದುಕೊಂಡಿದ್ದ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಸೋರಿಹೋಗುವ ಎಣ್ಣೆ ಅದನ್ನು ಗುಡ್ಡ ಹತ್ತಿಸುತ್ತಿತ್ತು! ಮೈ ಜುಮ್ಮೆಂದಿತು.

"ಆದ್ರೆ ಕಡ್ಡಿ ಫುಲ್ ತೋರಿಸ್ತಿದೆಯಲ್ಲ ಮೇಡಂ?"

ವಿಮಲಾ ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಈ ಬಸ್ಸಿನದೇನಾ?"

"ಹಳೇದು ಮುರೀತು. ಎರಡು ತಿಂಗಳ ಹಿಂದೆ ಗುಜರೀಲಿ ಹುಡುಕಿ ತಂದೆ."

"ಹಾಕಿದ ದಿನ ಆಯಿಲ್ ಜಾಸ್ತಿ ಇದೆ ಅಂತ ತೋರಿಸ್ತು. ನೀವು ಇಳಿಸಿಬಿಟ್ರಿ."

ಆ ದಿನ ಬೈರಣ್ಣ ಒಬ್ಬನೇ ಇದ್ದ. ಯಾರಿಗೂ ಹೇಳಿರಲಿಲ್ಲ. ಈ ಹೆಂಗಸು ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಿದ್ದರು.

"ಐದು ಲೀಟರ್," ಅಂದ, ತಲೆ ತಗ್ಗಿಸಿ. "ಜಾಸ್ತಿ ಇದ್ರೆ ಕೆಡುತ್ತೆ ಅಂತ ಕೇಳಿದ್ದೆ."

"ಕೇಳಿದ್ದು ಸರಿನೇ. ಕಡ್ಡಿ ತಪ್ಪು."

ಅದೇ ಜಾತಿಯ ಹಳೆ ಗೇರ್‌ಬಾಕ್ಸೊಂದು ಮೂಲೆಯಲ್ಲಿ ಬಿದ್ದಿತ್ತು. ಅದರ ಕಡ್ಡಿಯನ್ನು ತಂದು ಜೋಡಿಸಿ ಹಿಡಿದರು. ಬೈರಣ್ಣ ತಂದದ್ದು ಅದಕ್ಕಿಂತ ಎರಡು ಬೆರಳಷ್ಟು ಹೆಚ್ಚು ಉದ್ದ. ತಳಕ್ಕೆ ಇಳಿದು ಮುಳುಗುತ್ತಿತ್ತು, ಇಲ್ಲದ ಎಣ್ಣೆಯನ್ನು ಇದೆ ಅನ್ನುತ್ತಿತ್ತು. ಸರಿಯಾದದ್ದನ್ನು ಇಳಿಸಿ ಎತ್ತಿದಾಗ ತುದಿ ಮಾತ್ರ ಒದ್ದೆಯಾಗಿತ್ತು.

ಸರಿಯಾದ ಗೆರೆ ಮುಟ್ಟುವವರೆಗೆ ಆಯಿಲ್ ತುಂಬಿದರು. ಅಷ್ಟರಲ್ಲಿ ಡಾಕ್ಟರ ಫೋನು ಬಂತು. ಸುಳ್ಳು ಹೇಳುವುದು ಸುಲಭವಿತ್ತು. "ತಪ್ಪು ನಂದೇ ಮೇಡಂ," ಅಂದು ಬೈರಣ್ಣ ನಡೆದದ್ದನ್ನೆಲ್ಲ ಒಪ್ಪಿಸಿದ. "ನಾಳೆ ಬಸ್ ಬರುತ್ತೆ ತಾನೇ?" ಎಂದಷ್ಟೇ ಕೇಳಿದರು ಡಾಕ್ಟರ್.

ವಿಮಲಾ ಪಕ್ಕದಲ್ಲಿ ಕೂತರು. ಹನುಮಂತನಗರದ ಅದೇ ಏರು. ಅರ್ಧಕ್ಕೆ ಬಂದಾಗ ಬೈರಣ್ಣ ಉಸಿರು ಬಿಗಿಹಿಡಿದ. ಕಾಲ ಕೆಳಗೆ ಗೇರು ಮೆತ್ತಗೆ ಬದಲಾಯಿತು. ಬಸ್ಸು ಒಂದಿಷ್ಟೂ ಅಳುಕದೆ ಹತ್ತಿತು, ಯಾರೋ ದೊಡ್ಡವರು ಬೆನ್ನಿಗೆ ಅಂಗೈ ಕೊಟ್ಟ ಹಾಗೆ.

ಮೇಲೆ ತಲುಪಿ ನಿಲ್ಲಿಸಿದ. ಕಣ್ಣಂಚು ಒದ್ದೆಯಾಗಿತ್ತು.

"ಮೇಡಂ, ಕೆಳಗೆ ಹೋಗಿ ಇನ್ನೊಂದ್ಸಲ ಹತ್ಲಾ?"

"ನಡೀರಿ," ಅಂದರು ವಿಮಲಾ. "ನಂಗೂ ನೋಡಿ ಸಾಕಾಗಿಲ್ಲ."