ಮಳೆಗೆ ನೆನೆದ ಲಕೋಟೆ

ನಡುರಾತ್ರಿಯಲ್ಲಿ ಬಾಟಲಿಯ ಬಿರಡೆ ತಿರುಗಿಸುವ ಸಣ್ಣ ಸದ್ದು ಕೇಳಿಸಿತು. ಅಜ್ಜಿಗೆ ಬಾಯಾರಿರಬೇಕು ಅಂದುಕೊಂಡು ಜೆಮ್ಮಲಿನ್ ಮಗ್ಗುಲು ಬದಲಿಸಿದಳು.

ಅದು ಬರೀ ಬಾಯಾರಿಕೆಯಲ್ಲವೆಂದು ಅವಳಿಗೆ ಹೊಳೆದದ್ದು ಬೆಳಿಗ್ಗೆ ಒಂಬತ್ತಕ್ಕೆ, ಹೊಸದಾಗಿ ಸೇರಲಿದ್ದ ಪಾಸ್ಸಿಯ ಕಾಲೇಜಿನ ದಾಖಲಾತಿ ಕಿಟಕಿಯೆದುರು. ಇಲೊಯ್ಲೊದ ಹಳೆಯ ಕಾಲೇಜಿನವರು ಅಂಕಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿದ ಅಂಚಿನ ಮೇಲೆ ಅಡ್ಡಲಾಗಿ ಸಹಿ ಹಾಕಿ ಕೊಟ್ಟಿದ್ದರು. ಆ ಸಹಿ ಈಗ ನೀಲಿ ಕಲೆಯಾಗಿ ಹರಡಿತ್ತು. ಅಂಚಿನ ಒಂದು ಮೂಲೆ ಮೇಲೆದ್ದಿತ್ತು.

"ಯಾರಮ್ಮಾ ಇದನ್ನ ಬಿಚ್ಚಿದ್ದು?" ಕಿಟಕಿಯ ಹಿಂದಿನ ಹೆಂಗಸು ಕೇಳಿದಳು.

"ಯಾರೂ ಬಿಚ್ಚಿಲ್ಲ ಮ್ಯಾಮ್."

"ಮತ್ತೆ ತಾನಾಗೇ ಬೆವತುಬಿಡ್ತಾ? ಫೇಲಾಗಿರೋದು ಇದೆಯಾ ಒಳಗೆ?"

"ಒಂದಿದೆ. ಬಯೋಕೆಮಿಸ್ಟ್ರಿ. ಐದು."

ಸಾಲಿನಲ್ಲಿ ಹಿಂದೆ ನಿಂತವರು ಕತ್ತು ಚಾಚಿ ನೋಡಿದರು. ಅಲ್ಲಿನ ಅಂಕದ ಲೆಕ್ಕದಲ್ಲಿ ಒಂದು ಬಂದವರು ಜಾಣರು, ಐದು ಬಂದವರು ಫೇಲು.

"ಅದಕ್ಕೇ ಮತ್ತೆ. ಐದನ್ನ ಎರಡು ಮಾಡ್ಕೊಂಡು ಬರೋರನ್ನ ಬೇಕಾದಷ್ಟು ನೋಡಿದೀನಿ. ಹೊಸ ಲಕೋಟೆ ತಗೊಂಡ್ ಬಾ. ನಾಲ್ಕಕ್ಕೆ ಕಿಟಕಿ ಮುಚ್ತೀವಿ, ಇವತ್ತೇ ಕೊನೆ. ಇಲ್ಲಾಂದ್ರೆ ಮುಂದಿನ ವರ್ಷ."

"ಹಳೇ ಕಾಲೇಜಿನ ಸುದ್ದಿನೇ ಎತ್ತಬೇಡ್ವೇ," ಎಂದು ಕಾಲೇಜು ಬದಲಿಸಲು ಹೊರಟಾಗಲೇ ಗೆಳತಿ ಮರ್ವಿ ಹೇಳಿದ್ದಳು. "ಹೈಸ್ಕೂಲ್ ಮುಗಿಸಿ ಮನೇಲಿದ್ದೆ ಅಂದ್ಬಿಟ್ಟು ಮೊದಲಿಂದ ಸೇರ್ಕೋ." ಜೆಮ್ಮಲಿನ್ ಒಪ್ಪಿರಲಿಲ್ಲ. ಫೇಲಾದದ್ದನ್ನು ಮುಚ್ಚಿಡುವುದಿಲ್ಲವೆಂದು ಲೈಬ್ರರಿ, ಲ್ಯಾಬು, ಹಾಸ್ಟೆಲು ಅಂತ ಬಾಕಿಯಿಲ್ಲವೆಂಬ ಹನ್ನೊಂದು ಸಹಿಗಳಿಗಾಗಿ ಮೂರು ವಾರ ಅಲೆದಿದ್ದಳು. ಅಲೆದು ತಂದ ಲಕೋಟೆಯಿಂದಲೇ ಈಗ ಕಳ್ಳಿಯಾಗಿದ್ದಳು.

ಇಲೊಯ್ಲೊ ಬಸ್ಸು ಹತ್ತಿ ಮನೆಗೆ ಫೋನ್ ಮಾಡಿದಳು. ಅವಳು ಲೋಲಾ ಎಂದು ಕರೆಯುವ ಅಜ್ಜಿಯೇ ಎತ್ತಿದಳು.

"ಲೋಲಾ, ರಾತ್ರಿ ನನ್ನ ಲಕೋಟೆಗೆ ಏನ್ ಮಾಡಿದ್ರಿ?"

"ಏನಿಲ್ಲ ಪುಟ್ಟೀ, ಇಗರ್ಜಿ ತೀರ್ಥ ಎರಡು ಹನಿ ಹಾಕಿದೆ," ಎಂದಳು ಅಜ್ಜಿ. "ಹೋದ ವರ್ಷ ನಿನ್ನ ಪುಸ್ತಕಕ್ಕೆ ಹಾಕೋದು ಮರೆತಿದ್ದೆ. ಅದಕ್ಕೇ ಐದು ಬಂದಿದ್ದು. ಯಾಕೆ, ಸಾಲಲಿಲ್ವಾ?"

"ಸಾಕಾಯ್ತು ಲೋಲಾ."

ಹಳೆಯ ಕಾಲೇಜಿನಲ್ಲಿ ಗುಮಾಸ್ತ ಗೆಲಾಸಿಯೊ ಊಟ ಮುಗಿಸಿ ಬರುವವರೆಗೂ ಬೆಂಚಿನ ಮೇಲೆ ಕೂತು ಗಡಿಯಾರ ನೋಡಿದಳು. ಅವನು ಒದ್ದೆಯಾಗಿ ಒಣಗಿದ ಲಕೋಟೆಯನ್ನು ಮುಟ್ಟಿ ನೋಡಿ ಒಂದು ಹಾಳೆ ಮುಂದೆ ಚಾಚಿದ.

"ಹೊಸದು ಕೊಡೋಕೆ ಕಾರಣ ಬೇಕು. ಬರ್ಕೊಡು."

ಪೆನ್ನು ಹಿಡಿದು ಕೂತಳು. ನಿಜ ಬರೆದರೆ ಅದು ಅವಳ ಕಡತದಲ್ಲಿ ಉಳಿಯುತ್ತದೆ. ಸಂಜೆಯೊಳಗೆ ಇಡೀ ಕಚೇರಿ ಅಜ್ಜಿಯ ಹೆಸರು ಹಿಡಿದು ನಗುತ್ತದೆ. 'ಮಳೆಗೆ ನೆನೆಯಿತು' ಎಂದು ಬರೆದಳು.

ಗೆಲಾಸಿಯೊ ಓದಿ, ಕಿಟಕಿಯಾಚೆ ವಾರದಿಂದ ಹನಿ ಕಾಣದ ಅಂಗಳದ ಕಡೆ ನೋಡಿದ.

"ಎಲ್ಲಮ್ಮಾ ಬಂತು ಮಳೆ?"

"ನಮ್ಮನೇಲಿ ಸರ್."

ಅವನು ಅವಳ ಮುಖವನ್ನೊಮ್ಮೆ ನೋಡಿದ. ಹೊಸ ಲಕೋಟೆಯ ಮೇಲೆ ಈ ಸಲ ಬಾಲ್‌ಪೆನ್ನಿನಲ್ಲಿ ಒತ್ತಿ ಸಹಿ ಹಾಕಿ, ಅದರ ಮೇಲೆ ಟೇಪು ಅಂಟಿಸಿ ಕೊಟ್ಟ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪಾಸ್ಸಿಯ ಹೆಂಗಸು ಠಸ್ಸೆ ಒತ್ತಿದಳು.

ಮನೆಗೆ ಬಂದಾಗ ಅಜ್ಜಿ ಒಲೆಯ ಮುಂದೆ ಒಣಮೀನು ಹುರಿಯುತ್ತಿದ್ದಳು.

"ಸೀಟು ಸಿಕ್ತಲ್ಲ? ನಂಗೊತ್ತಿತ್ತು. ಆ ನೀರು ಸುಮ್ನೆ ಹೋಗಲ್ಲ. ಪಕ್ಕದ ಮನೆಯವಳಿಗೂ ಹೇಳಿಟ್ಟಿದೀನಿ, ಅವಳ ಮಗನ ಲಕೋಟೇನೂ ಕಳಿಸ್ತಾಳಂತೆ."

ದಿನವಿಡೀ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಜೆಮ್ಮಲಿನಳ ಗಂಟಲಿಗೆ ಬಂತು. ಅಜ್ಜಿ ಮೀನಿನ ದೊಡ್ಡ ತುಂಡನ್ನು ಆರಿಸಿ ಅವಳ ತಟ್ಟೆಗೆ ಹಾಕುತ್ತಿದ್ದಳು.

"ಅವರದ್ದಕ್ಕೆ ಬೇಡ ಲೋಲಾ. ನಮಗಷ್ಟೇ ಇರಲಿ."

ಮರ್ವಿಗೂ ಹೇಳುವುದು ಬೇಡ ಅಂದುಕೊಂಡಳು. ಯಾರಿಗೂ ಬೇಡ. ಚೀಲದಿಂದ ಹಳೆಯ ಲಕೋಟೆ ತೆಗೆದು ಒಲೆಗೆ ತಳ್ಳಿದಳು. ಬಾಲಯೇಸುವಿನ ಮೂರ್ತಿಯ ಮುಂದಿದ್ದ ತೀರ್ಥದ ಬಾಟಲಿಯ ಬಿರಡೆ ಸರಿಯಾಗಿ ಕೂತಿರಲಿಲ್ಲ. ಅದನ್ನು ತಿರುಗಿಸಿ ಬಿಗಿ ಮಾಡಿದಳು.